ಕಚೇರಿಯ ಗಣಕಯಂತ್ರವು ಹಾರ್ಡ್ ಡಿಸ್ಕ್‌ನಿಂದ ಆರಂಭವಾಗದಿದ್ದಾಗ: ಸದಸ್ಯರು ತಿಳಿದಿರಬೇಕಾದ ಕ್ರಮಗಳು

ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರವನ್ನು ಚಾಲೂ ಮಾಡಿದಾಗ ವಿಂಡೋಸ್ ಬಾರದೆ, ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬಂತಹ ಸಂದೇಶ ಮೂಡಿದರೆ, ಆರಂಭಕ್ಕೆ ಬೇಕಾದ ತಂತ್ರಾಂಶವು ಯಂತ್ರಕ್ಕೆ ದೊರೆಯಲಿಲ್ಲವೆಂದು ಅರ್ಥ. ಇದೊಂದರಿಂದಲೇ ಡಿಸ್ಕ್ ಕೆಟ್ಟಿದೆಯೆಂದು ತೀರ್ಮಾನಿಸಲಾಗದು.

ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿಯು ಸರ್ವರ್‌ನಲ್ಲಿರುವುದರಿಂದ ಅದಕ್ಕೆ ಧಕ್ಕೆಯಿಲ್ಲ. ಆದರೆ ಸಭಾ ನಡವಳಿಯ ಕರಡು, ಪತ್ರ ವ್ಯವಹಾರ, ಸ್ಕ್ಯಾನ್ ಮಾಡಿದ ಅರ್ಜಿಗಳು, ಕಾಮಗಾರಿಗಳ ಛಾಯಾಚಿತ್ರಗಳು ಅನೇಕ ವೇಳೆ ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಇರುತ್ತವೆ. ಆದುದರಿಂದ ‘ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತದೆ’ ಎಂಬ ಸಲಹೆಯನ್ನು ಕೂಡಲೇ ಒಪ್ಪತಕ್ಕದ್ದಲ್ಲ. ಪರಿಶೀಲನೆಯು ಈ ಕೆಳಗಿನ ಕ್ರಮದಲ್ಲಿ ನಡೆಯುವುದು ಸೂಕ್ತ.

1. ಯಂತ್ರವನ್ನು ಆರಿಸಿ, ಪೆನ್ ಡ್ರೈವ್ ಹಾಗೂ ಸಿಡಿಗಳನ್ನು ತೆಗೆದು, ಮತ್ತೆ ಚಾಲೂ ಮಾಡುವುದು. ಸಿಕ್ಕಿಸಿಟ್ಟ ಪೆನ್ ಡ್ರೈವ್‌ನಿಂದಲೇ ಆರಂಭವಾಗಲು ಯಂತ್ರವು ಯತ್ನಿಸುತ್ತಿರಬಹುದು.

2. ಡಿಸ್ಕ್‌ನಿಂದ ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರೆ ತಕ್ಷಣ ನಿಲ್ಲಿಸುವುದು. ಪದೇ ಪದೇ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚುವ ಸಂಭವವಿದೆ.

3. ಆರಂಭದಲ್ಲಿ ಎಫ್ 2 ಅಥವಾ ಡಿಲೀಟ್ ಕೀಲಿ ಒತ್ತಿದರೆ ಬಹುತೇಕ ಯಂತ್ರಗಳಲ್ಲಿ ಬಯಾಸ್ ತೆರೆಯುತ್ತದೆ. ಅಲ್ಲಿ ಡಿಸ್ಕ್‌ನ ಹೆಸರು ಕಂಡರೆ ಬೂಟ್ ಕ್ರಮವನ್ನು ನೋಡುವುದು. ಕಾಣದಿದ್ದರೆ, ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆದ ನಂತರ ತಂತ್ರಜ್ಞರಿಂದ ಕೇಬಲ್‌ಗಳನ್ನು ಪರೀಕ್ಷಿಸುವುದು.

4. ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ, ಮದರ್‌ಬೋರ್ಡ್‌ನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರುವ ಸಾಧ್ಯತೆಯಿದೆ. ಆಗ ಬಯಾಸ್ ಸಂಯೋಜನೆಯೂ ಅಳಿಸಿಹೋಗಿ, ಸುಸ್ಥಿತಿಯಲ್ಲಿರುವ ಡಿಸ್ಕ್ ಕೂಡ ಆರಂಭವಾಗದಿರಬಹುದು.

5. ಇಷ್ಟಾದರೂ ಸರಿಹೋಗದಿದ್ದರೆ, ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಮೊದಲು ನಕಲು ಮಾಡಿಕೊಳ್ಳುವುದು. ವಿಂಡೋಸ್ ಮರುಸ್ಥಾಪನೆ ಅನಂತರದ ಮಾತು.

ಡಿಸ್ಕನ್ನು ದುರಸ್ತಿಗೆ ಕಳುಹಿಸುವ ಮುನ್ನ ಅದರ ಕ್ರಮಸಂಖ್ಯೆಯನ್ನು ಬರೆದಿಟ್ಟು ಸ್ವೀಕೃತಿ ಪಡೆಯುವುದು ಅವಶ್ಯ. ಬದಲಾಯಿಸಿದಲ್ಲಿ ಹಳೆಯ ಡಿಸ್ಕ್ ಕಚೇರಿಗೇ ಮರಳಬೇಕು. ಗ್ರಾಮಸ್ಥರ ಆಧಾರ್ ಪ್ರತಿಗಳು ಅದರಲ್ಲಿರಬಹುದು. ದುರಸ್ತಿ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಎರಡು: ಕಡತಗಳ ನಕಲು ಆಗಿದೆಯೇ? ಹಳೆಯ ಡಿಸ್ಕ್ ಎಲ್ಲಿದೆ? ವಾರಕ್ಕೊಮ್ಮೆ ಪ್ರತ್ಯೇಕ ಡಿಸ್ಕ್‌ಗೆ ನಕಲು ತೆಗೆದು ಬೀರುವಿನಲ್ಲಿಡುವ ವ್ಯವಸ್ಥೆಯಿದ್ದಲ್ಲಿ, ಯಂತ್ರ ಕೆಟ್ಟರೂ ಪಂಚಾಯಿತಿಯ ದಾಖಲೆ ಉಳಿಯುತ್ತದೆ.