ಎಲೆಯೊಳಗಿನ ಒಕ್ಕಲು

ಮಗುವಿಗೆ ಕೆಮ್ಮಾದರೆ ದೊಡ್ಡಪತ್ರೆ, ಮೈ ತುರಿಸಿದರೆ ಬೇವಿನ ಸೊಪ್ಪು. ನಮ್ಮ ಮನೆಗಳಲ್ಲಿ ಹಿರಿಯರ ಕೈಮದ್ದು ಇಂದಿಗೂ ಉಳಿದಿದೆ. ಎಲೆಯ ಗುಣವನ್ನು ನಾವು ಬಲ್ಲೆವು. ಆದರೆ ಎಲೆಯೊಳಗೆ ಒಕ್ಕಲಿರುವ ಇನ್ನೊಂದು ಜೀವಿಯನ್ನು ಎಷ್ಟು ಮಂದಿ ಬಲ್ಲರು?

ಹಸಿರೆಲೆಯ ಜೀವಕೋಶಗಳ ನಡುವೆ ಕಣ್ಣಿಗೆ ಕಾಣದ ಶಿಲೀಂಧ್ರಗಳು ಎಳೆಎಳೆಯಾಗಿ ಹಬ್ಬಿರುತ್ತವೆ. ಹಳಸಿದ ರೊಟ್ಟಿಯ ಮೇಲಿನ ಬೂಷ್ಟು ಕೂಡ ಶಿಲೀಂಧ್ರವೇ. ಆದರೆ ಇವುಗಳಿಂದ ಎಲೆಗೆ ಕಲೆಯಾಗದು, ರೋಗವೂ ಕಾಣಿಸದು. ಗಾಳಿ ಮತ್ತು ಮಳೆಯೊಂದಿಗೆ ಬಂದ ಬೀಜಾಣುಗಳು ಚಿಗುರೆಲೆಯೊಳಗೆ ಸೇರಿ ನೆಲೆಸುತ್ತವೆ. ವಿಜ್ಞಾನಿಗಳು ಎಲೆಯನ್ನು ತೊಳೆದು, ಹೊರಮೈಯ ಸೂಕ್ಷ್ಮಜೀವಿಗಳನ್ನು ಸ್ಪಿರಿಟ್ ಮುಂತಾದವುಗಳಿಂದ ಕೊಂದು, ಚೂರು ಮಾಡಿ, ಪೋಷಕಾಂಶವಿರುವ ತಟ್ಟೆಯಲ್ಲಿಡುತ್ತಾರೆ. ಕೆಲವು ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಎಳೆಗಳು ಹೊರಬರುತ್ತವೆ. ಶಿಲೀಂಧ್ರನಾಶಕವೆಂದು ಹೆಸರಾದ ಬೇವಿನ ಎಲೆಯೂ ಇದಕ್ಕೆ ಹೊರತಲ್ಲ.

ಈ ಒಕ್ಕಲು ಬಿಟ್ಟಿ ಊಟದ್ದೇ? ಎಲ್ಲ ಕಡೆಯೂ ಹಾಗಲ್ಲ. ಪನಾಮಾ ದೇಶದಲ್ಲಿ ಕೋಕೋ ಗಿಡಗಳ ಮೇಲೆ ನಡೆದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಒಳಗೆ ಶಿಲೀಂಧ್ರವಿದ್ದ ಎಲೆಗಳು ರೋಗಕ್ಕೆ ಕಡಿಮೆ ಬಲಿಯಾಗಿದ್ದವು. ಗಿಡ ಆಶ್ರಯ ಕೊಟ್ಟಿತು, ಅತಿಥಿ ಕಾವಲು ಕಾಯಿತು.

ಇಂಥ ಅತಿಥಿಗಳು ತೊಗಟೆಯಲ್ಲೂ ಇರುತ್ತವೆ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿದೆ. 1966ರಲ್ಲಿ ವಾಲ್ ಮತ್ತು ವಾನಿ ಎಂಬವರು ಇದನ್ನು ಮೊದಲು ಚೀನಾ ಮೂಲದ ಮರವೊಂದರಲ್ಲಿ ಕಂಡರು. ಕರುಳು ಮತ್ತು ಅಂಡಾಶಯದ ಕ್ಯಾನ್ಸರಿಗೆ ಬಳಸುವ ಔಷಧಿಗಳನ್ನು ಇದರಿಂದಲೇ ರೂಪಿಸಲಾಗಿದೆ. ಆ ಆಸೆಗೆ ಘಟ್ಟದ ಮರಗಳು ಕೊಡಲಿಗೆ ಬಲಿಯಾದವು. 2005ರಲ್ಲಿ ಈ ಮರದ ಒಳತೊಗಟೆಯ ಶಿಲೀಂಧ್ರವೊಂದು ತಾನೇ ಆ ವಸ್ತುವನ್ನು ತಯಾರಿಸುತ್ತದೆಂದು ವರದಿಯಾಯಿತು. ಮರ ಕಡಿಯದೆ ಮದ್ದು ಸಿಕ್ಕೀತೆಂಬ ಆಸೆ ಚಿಗುರಿತು.

ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಮರದಿಂದ ಬೇರ್ಪಟ್ಟ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿದಾಗ, ತಲೆಮಾರು ಕಳೆದಂತೆ ಅದರ ಮದ್ದು ತಯಾರಿಸುವ ಶಕ್ತಿ ಕುಂದುತ್ತಾ ಹೋಯಿತು! ಅನ್ನಾಹಾರಕ್ಕೆ ಕೊರತೆಯಿರಲಿಲ್ಲ; ಇಲ್ಲದ್ದು ಮರದ ಸಹವಾಸ ಮಾತ್ರ. ಆದ್ದರಿಂದ ಶಿಲೀಂಧ್ರ ಸಿಕ್ಕಿತೆಂದು ಮರವನ್ನು ಕಡಿಯಲಾಗದು. ಮರ ಹೋದರೆ ಒಕ್ಕಲೂ ಹೋಯಿತು, ಮದ್ದೂ ಹೋಯಿತು.

ಸಹೋದರ ಸಹೋದರಿಯರೇ, ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಒಣಗಿಸಿಟ್ಟ ಸೊಪ್ಪಿನ ಮೇಲೆ ಹಿಡಿದ ಬೂಷ್ಟು ಈ ಅತಿಥಿಯಲ್ಲ. ಅದು ವಿಷವಾಗಬಹುದು, ಎಸೆದುಬಿಡಿ. ಕ್ಯಾನ್ಸರಿನಂಥ ಕಾಯಿಲೆಗೆ ಎಲೆ, ತೊಗಟೆ ಅರೆದು ಕುಡಿಯುತ್ತಾ ಆಸ್ಪತ್ರೆಯ ದಿನಗಳನ್ನು ಕಳೆದುಕೊಳ್ಳಬೇಡಿ. ಮದ್ದನ್ನು ಶುದ್ಧೀಕರಿಸಿ, ಅಳೆದು ಕೊಟ್ಟಾಗಲೇ ಅದು ಮದ್ದು.

ಸೃಷ್ಟಿಕರ್ತನು ಒಂದು ಎಲೆಯೊಳಗೂ ನೆರೆಹೊರೆಯನ್ನಿಟ್ಟಿದ್ದಾನೆ. ಮಕ್ಕಳಿಗೆ ಹೊಟ್ಟೆ ತುಂಬ ಊಟ, ಮೈ ತುಂಬ ಬಟ್ಟೆ ಕೊಟ್ಟೆವೆಂದು ನಾವು ನಿಶ್ಚಿಂತರಾಗುತ್ತೇವೆ. ಅವರ ಗುಣವನ್ನು ಕಾಯುವ ಸಹವಾಸ ಎಲ್ಲಿದೆಯೆಂದು ಎಂದಾದರೂ ವಿಚಾರಿಸಿದ್ದೇವೆಯೇ?