ವಲೆನ್ಸಿಯಾಕ್ಕೆ ಹೊರಟ ಮಗಳಿಗೆ

ಮಗಳೇ, ವೀಸಾ ಕೈಸೇರಿತೆಂದು ಕೇಳಿ ಸಂತೋಷವಾಯಿತು. 90 ದಿನ ಮೀರಿದರೆ ವಿದ್ಯಾರ್ಥಿ ವೀಸಾ, ಅದಕ್ಕೆ ವಿಮೆ, ತಿಂಗಳಿಗೆ 600 ಯೂರೋ ಲೆಕ್ಕದ ಬ್ಯಾಂಕ್ ಕಾಗದ, ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿನಗಿರುವ ಭಯ ಸ್ಪ್ಯಾನಿಷ್ ಭಾಷೆಯದು ಅಂತ ನಿನ್ನಮ್ಮ ಹೇಳಿದಳು. ಅದಕ್ಕೇ ಈ ಕಾಗದ.

ನೀನು ಕಲ್ಪೆಟ್ಟದ ಜೈನರ ಮನೆಯ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಗೂಡಲೂರಿನ ನೆಂಟರೊಡನೆ ತಮಿಳು, ಕಾಫಿ ಕೊಯ್ಲಿನ ಹೊತ್ತಿಗೆ ಪಣಿಯರ ಮಾತೂ ಅಷ್ಟಿಷ್ಟು. ಇದನ್ನೆಲ್ಲ ಯಾವ ಕೋಚಿಂಗಿನಲ್ಲಿ ಕಲಿತೆ? ಅಂಗಡಿಗೆ ಹೋಗಿ ತಪ್ಪುತಪ್ಪಾಗಿ ಕೇಳಿದೆ, ಅಂಗಡಿಯವನು ನಕ್ಕು ತಿದ್ದಿದ, ಬಂತು. ಈಗ ಮಾತ್ರ ಮೊಬೈಲಿನಲ್ಲಿ ಪಾಠದ ಮೇಲೆ ಪಾಠ ಮುಗಿಸುತ್ತೀಯಂತೆ, ಬಾಯಿ ಮಾತ್ರ ಬಿಡುವುದಿಲ್ಲವಂತೆ. ಕ್ರಿಯಾಪದದ ಪಟ್ಟಿ ಅಲ್ಲಿಗೆ ಹೋದಮೇಲೂ ಕಲಿಯಬಹುದು. ಹೊರಡುವ ಮೊದಲು ದಿನಾ ಒಂದಿಷ್ಟು ಹೊತ್ತು ಗಟ್ಟಿಯಾಗಿ ಮಾತಾಡು, ಕೇಳುವವರಿಲ್ಲದಿದ್ದರೆ ಗೋಡೆಯ ಹತ್ತಿರವಾದರೂ ಸರಿ. ಇದಕ್ಕೆಷ್ಟು, ಸ್ವಲ್ಪ ನಿಧಾನವಾಗಿ ಹೇಳಿ, ನನಗೆ ಬೇಡ: ಈ ಮೂರು ನಾಲಗೆಯ ತುದಿಯಲ್ಲಿರಲಿ.

ಬೇಡ ಎನ್ನುವುದು ಊಟಕ್ಕೆ ಕೂತಾಗ ತುಂಬಾ ಬೇಕಾಗುತ್ತದೆ. ಅಲ್ಲಿ ಮಾಂಸವಿಲ್ಲದ್ದು ಕೊಡಿ ಎಂದರೆ ಟ್ಯೂನಾ ಮೀನೋ, ಹಾಮೊನ್ ಎಂಬ ಹಂದಿಮಾಂಸದ ಚೂರೋ ಬಂದರೂ ಬಂತು. ಒಂದೊಂದನ್ನೂ ಹೆಸರು ಹಿಡಿದು ಬೇಡವೆನ್ನು: ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೊನ್. ಸಾಧುವಾಗಿ ಕಾಣುವ ತೋರ್ತಿಯಾದಲ್ಲಿ ಮೊಟ್ಟೆ, ಆಲೂಗಡ್ಡೆ, ಹೆಚ್ಚಾಗಿ ಈರುಳ್ಳಿಯೂ ಇರುತ್ತದೆ. ಊರಿನ ಹೆಮ್ಮೆಯ ಅನ್ನದಡುಗೆ ಪಾಯೆಯಾದಲ್ಲಿ ಕೋಳಿ, ಮೊಲ. ತರಕಾರಿಯದ್ದು ಸಿಕ್ಕರೂ ಅಕ್ಕಿ ಬೆಂದದ್ದು ಯಾವ ಸಾರಿನಲ್ಲಿ ಎಂದು ಕೇಳದೆ ಚಮಚ ಎತ್ತಬೇಡ. ಸಂಜೆಯೊಳಗೆ ಉಣ್ಣುವ ನಿನ್ನಜ್ಜಿಯ ವ್ರತ ಪಾಲಿಸುತ್ತೀಯಾದರೆ ಸೆಪ್ಟೆಂಬರ್ ಮೊದಲಲ್ಲಿ ಸುಖ, ಸೂರ್ಯ ಎಂಟು ಗಂಟೆಯ ಮೇಲೂ ಇರುತ್ತಾನೆ. ಡಿಸೆಂಬರಿನಲ್ಲಿ ಆರರೊಳಗೆ ಕತ್ತಲೆ, ಅವರ ಊಟವೋ ರಾತ್ರಿ ಒಂಬತ್ತರ ಮೇಲೆ. ಆಗ ನಿನ್ನ ಅಡುಗೆ ನೀನೇ ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ. ವಲೆನ್ಸಿಯಾ ಎರಡು ಭಾಷೆಯ ಊರು. ಸ್ಪ್ಯಾನಿಷ್ ಜೊತೆಗೆ ಕತಲಾನ್ ಬಳಗಕ್ಕೆ ಸೇರಿದ ವಲೆನ್ಸಿಯನ್ ಇದೆ. ಫ್ರಾಂಕೋನ ಕಾಲದಲ್ಲಿ ಶಾಲೆ, ಕಚೇರಿಗಳಿಂದ ಹೊರಗಿದ್ದ ಆ ಭಾಷೆಗೆ 1982ರಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ವಿಶ್ವವಿದ್ಯಾಲಯದಲ್ಲಿ ಕೆಲವು ತರಗತಿಗಳು ಅದರಲ್ಲೇ ನಡೆಯುತ್ತವೆ. ಹೆಸರು ನೋಂದಾಯಿಸುವಾಗ ಗುಂಪಿನ ಭಾಷೆ ಯಾವುದೆಂದು ನೋಡಿಯೇ ಆರಿಸಿಕೋ, ಇಲ್ಲದಿದ್ದರೆ ಮೊದಲ ವಾರವೇ ತಬ್ಬಿಬ್ಬಾಗುತ್ತೀಯ. ಆದರೆ ಸಂತೆಯಲ್ಲಿ ತರಕಾರಿ ಮಾರುವ ಮುದುಕಿಗೆ ಅವಳ ಭಾಷೆಯಲ್ಲೇ ಒಂದು ನಮಸ್ಕಾರ ಹೇಳು. ಕಾಸರಗೋಡಿನ ಕಚೇರಿಯೊಂದರಲ್ಲಿ ಗುಮಾಸ್ತ ತಟ್ಟನೆ ಕನ್ನಡದಲ್ಲಿ ಉತ್ತರ ಕೊಟ್ಟರೆ ನಮ್ಮವರ ಮುಖ ಹೇಗಾಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಜೊತೆ ಬರುವ ದೊಡ್ಡ ಪಟ್ಟಣದ ಹುಡುಗರಿಗೆ ಇದು ಸುಲಭಕ್ಕೆ ಹೊಳೆಯದು.

ಒಂದು ಗುರುವಾರ ಬಿಡುವು ಮಾಡಿಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಕ್ಯಾಥೆಡ್ರಲ್‌ನ ಅಪೊಸ್ತಲರ ಬಾಗಿಲ ಹತ್ತಿರ ನಿಲ್ಲು. ಕಪ್ಪು ನಿಲುವಂಗಿ ತೊಟ್ಟ ರೈತರು ಬಂದು ವರ್ತುಲವಾಗಿ ಕೂರುತ್ತಾರೆ. ಅದು ಅವರ ನೀರಿನ ನ್ಯಾಯಾಲಯ, 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಒಂದೊಂದೇ ಕಾಲುವೆಯ ಹೆಸರು ಕೂಗಿ, ದೂರಿದೆಯೇ ಎಂದು ಕೇಳುತ್ತಾರೆ. ವಾದವೆಲ್ಲ ಬಾಯಿಮಾತಿನಲ್ಲಿ, ಅದೂ ವಲೆನ್ಸಿಯನ್‌ನಲ್ಲಿ. ಎಷ್ಟೋ ವಾರ ದೂರೇ ಇರುವುದಿಲ್ಲ, ನಾಲ್ಕು ನಿಮಿಷದಲ್ಲಿ ಎದ್ದುಬಿಡುತ್ತಾರೆ. ದೂರಿದ್ದರೆ ನಿನ್ನ ಅದೃಷ್ಟ. ಪನಮರದ ಗದ್ದೆಬದುವಿನಲ್ಲಿ ನೀರಿನ ಜಗಳ ಕೇಳಿ ಬೆಳೆದವಳಿಗೆ, ಪದ ತಿಳಿಯದಿದ್ದರೂ ಯಾರು ಯಾರ ಮಡೆ ಮುಚ್ಚಿದರು ಅನ್ನುವಷ್ಟು ತಿಳಿದೀತು.

ಮಲಯಾಳಿಗಳು ಅಲ್ಲೂ ಸಿಗುತ್ತಾರೆ, ಸಿಗದಿರುವ ಊರುಂಟೇ! ಓಣಂ ಊಟಕ್ಕೆ ಕರೆದರೆ ಖಂಡಿತ ಹೋಗು. ಅವರ ಕೋಣೆಯಲ್ಲೇ ಬಿಡಾರ ಮಾತ್ರ ಹೂಡಬೇಡ. ಸಾಂಬಾರು, ಸಿನಿಮಾ, ಊರ ಸುದ್ದಿಯಲ್ಲೇ ವಾಪಸು ಹೊರಡುವ ಜನವರಿ ಬಂದುಬಿಡುತ್ತದೆ. ಆಮೇಲೆ ನೀನು ಸ್ಪೇನಿಗೆ ಹೋಗಿದ್ದೆ ಅನ್ನುವುದು ಪಾಸ್‌ಪೋರ್ಟಿಗೆ ಮಾತ್ರ ಗೊತ್ತು.

ಎಲ್ಲಿಯವಳೆಂದು ಕೇಳಿದರೆ ಭಾರತ ಎಂದಷ್ಟೇ ಹೇಳಿ ನಿಲ್ಲಿಸಬೇಡ, ವಯನಾಡು ಅನ್ನು. 2024ರ ಜುಲೈ 30ರ ನಸುಕಿನ ಭೂಕುಸಿತದಲ್ಲಿ ನಮ್ಮ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಮೂರೇ ತಿಂಗಳಿಗೆ, ಅಕ್ಟೋಬರ್ 29ರಂದು, ವಲೆನ್ಸಿಯಾದ ತೆಂಕಣ ಊರುಗಳಿಗೆ ನೆರೆ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವುಗಳಲ್ಲೊಂದಾದ ಪಾಯ್‌ಪೋರ್ತಾದ ಕೆಸರೆತ್ತಲು ವಲೆನ್ಸಿಯಾ ಪಟ್ಟಣದ ಹುಡುಗರು ಸಲಿಕೆ, ಪೊರಕೆ ಹಿಡಿದು ಸೇತುವೆ ದಾಟಿ ನಡೆದರು. ಮನೆಯೊಡತಿಯೋ ಸಹಪಾಠಿಯೋ ಆ ಮಾತು ಎತ್ತಿದರೆ ಕೇಳಿಸಿಕೋ, ನಿನ್ನದನ್ನೂ ಹೇಳು. ವ್ಯಾಕರಣ ಸರಿಯಿದೆಯೋ ಎಂದು ಆಗ ಯಾರೂ ನೋಡುವುದಿಲ್ಲ. ಆದರೆ ಆ ಊರುಗಳಿಗೆ ಫೋಟೋ ತೆಗೆಯಲು ಮಾತ್ರ ಹೋಗಬೇಡ. ಚೂರಲ್‌ಮಲಕ್ಕೆ ಹಾಗೆ ಬಂದವರನ್ನು ನಾವು ಏನೆಂದು ಬೈದೆವು ಅನ್ನುವುದು ನಿನಗೆ ನೆನಪಿದೆ.

ಬೆಂಗಳೂರಿನಿಂದ ವಿಮಾನ ತಾನೇ? ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಮಧ್ಯಾಹ್ನವೇ ಸುಲ್ತಾನ್ ಬತ್ತೇರಿ ಬಿಡಿ. ದಿನಾ ವೀಡಿಯೋ ಕಾಲ್ ಮಾಡುತ್ತೇನೆಂದು ಅಮ್ಮನಿಗೆ ಮಾತು ಕೊಡಬೇಡ. ಅಕ್ಟೋಬರ್ ಕೊನೆಯಿಂದ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರ, ನೀನು ಊಟ ಮುಗಿಸುವಷ್ಟರಲ್ಲಿ ಇಲ್ಲಿ ನಡುರಾತ್ರಿ ಕಳೆದಿರುತ್ತದೆ. ಭಾನುವಾರಕ್ಕೊಮ್ಮೆ ಸಾಕು. ಅವಳನ್ನು ಒಪ್ಪಿಸುವುದು ನನಗಿರಲಿ.