ಕೊರಡಿನ ಸುದ್ದಿ ಬರೆದಿಲ್ಲವಲ್ಲ!

ಪ್ರಶ್ನೆ: ಭೀಮರಾಯನಗುಡಿ ಹತ್ರ ನಾವು ನಾಕು ಮಂದಿ ಹೆಣ್ಮಕ್ಕಳು ಕೂಡಿ ಮೀನು ಸ್ವಚ್ಛ ಮಾಡಿ, ಕತ್ತರಿಸಿ ಖಾನಾವಳಿಗಳಿಗೆ ಕೊಡ್ತೀವ್ರಿ. ಬಸವಸಾಗರದ ಕಟ್ಲಾ, ರೋಹು, ಅವತ್ತೇ ಹಿಡಿದದ್ದು. ಹೋದ ವಾರ ನಮ್ಮ ಮೀನು ಒಯ್ದ ಒಂದು ಮನಿಯಾಗ ಎಲ್ಲರಿಗೂ ವಾಂತಿಭೇದಿ ಆಯ್ತು. ಐಸಿನಾಗ ಇಟ್ಟ ಮೀನು ಹೆಂಗ ಕೆಡ್ತದ್ರೀ ಅಕ್ಕಾರ? ಸೊಸಿ ಏಳು ತಿಂಗಳ ಬಸುರಿ, ಆಕಿನೂ ಕೆಲಸಕ್ಕ ಕೂಡ್ತಾಳ. ಅಂಜಿಕಿ ಆಗ್ಯಾದ.

ಉತ್ತರ: ತಂಗೀ, ಆ ಮನೆಯವರ ಜೊತೆ ವಾದಕ್ಕೆ ನಿಲ್ಲಬೇಡಿ. ಅವತ್ತು ಅವರು ಇನ್ನೇನು ಉಂಡಿದ್ದರು, ಸಾರು ಎಷ್ಟು ಹೊತ್ತು ಹೊರಗಿತ್ತು ಎಂದು ತಿಳಿಯದೆ ತಪ್ಪು ನಿಮ್ಮದೇ ಎನ್ನಲಾಗದು, ನಿಮ್ಮದಲ್ಲ ಎನ್ನಲೂ ಆಗದು. ಹೋಗಿ ಆರೋಗ್ಯ ವಿಚಾರಿಸಿ. ಆ ದಿನ ಮೀನು ಒಯ್ದ ಖಾನಾವಳಿಗಳಲ್ಲೂ ಕೇಳಿ.

ಮೀನಿನ ಬಗ್ಗೆ ಇಷ್ಟು ಬರೆದಿದ್ದೀರಿ, ಅದನ್ನು ಕಡಿಯುವ ಕೊರಡಿನ ಬಗ್ಗೆ ಒಂದು ಮಾತಿಲ್ಲ. ನನ್ನ ಅನುಮಾನ ಅದರ ಮೇಲೆಯೇ. ಆಗತಾನೇ ಹಿಡಿದ ಮೀನಿನಲ್ಲಿ ಬ್ಯಾಕ್ಟೀರಿಯಾ ಇರುವುದು ಹೆಚ್ಚಾಗಿ ಮೈಮೇಲಿನ ಲೋಳೆ, ಕಿವಿರು, ಕರುಳಿನಲ್ಲಿ. ಕರುಳು ತೆಗೆದ ಕೊರಡಿನ ಮೇಲೆಯೇ ತುಂಡು ಮಾಡಿದರೆ ಅವು ಮಾಂಸಕ್ಕೆ ದಾಟುತ್ತವೆ. ಏಟು ತಿಂದು ಬಿರಿದ ಗೆರೆಗಳಲ್ಲಿ ರಕ್ತ, ಜಿಡ್ಡು ಕೂತು ಅದರೊಳಗೆ ಪೊರೆ ಕಟ್ಟಿಕೊಳ್ಳುತ್ತವೆ. ಬೆರಳಾಡಿಸಿ ನೋಡಿ, ತೊಳೆದ ಮೇಲೂ ಜಾರುತ್ತಿದ್ದರೆ ಅದೇ.

ಬಹಳ ಕಡೆ ಹೊಲಸು ಹಲಗೆಯ ಮೇಲೇ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ. ರಕ್ತ, ಜಿಡ್ಡಿಗೇ ಕ್ಲೋರಿನ್ ಖರ್ಚಾಗಿ ಹೋಗುತ್ತದೆ. ಮೊದಲು ಸೋಪು ಹಚ್ಚಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಆಮೇಲೆ 10 ಲೀಟರ್ ನೀರಿಗೆ ಸುಮಾರು 3 ಗ್ರಾಂ ಹೊಸ ಪೌಡರ್ ಕಲಸಿ ಹಲಗೆ, ಚಾಕುಗಳಿಗೆ ಹಾಕಿ, ಹತ್ತು ನಿಮಿಷ ಬಿಟ್ಟು ಶುದ್ಧ ನೀರಿನಿಂದ ತೊಳೆದು ಒಣಗಿಸಿ. ಬಾಯಿ ತೆರೆದಿಟ್ಟ ಚೀಲದ ಪೌಡರಿಗೆ ಕಸುವಿರುವುದಿಲ್ಲ.

ಐಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳವಣಿಗೆ ನಿಧಾನಿಸುತ್ತದೆ ಅಷ್ಟೆ. ಕಾಲುವೆ ನೀರಿನ ಐಸಾದರೆ ಹೊಲಸನ್ನು ನೀವೇ ಹಾಕಿದ ಹಾಗೆ. ಕರಗಿದ ನೀರು ಪೆಟ್ಟಿಗೆಯ ತಳದಲ್ಲಿ ನಿಲ್ಲದಂತೆ ತೂತಿರಲಿ.

ಲಿಸ್ಟೀರಿಯಾ ಎಂಬ ಒಂದು ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಬಸುರಿಗೆ ಬರೀ ಜ್ವರ, ಮೈಕೈ ನೋವು ತಂದು ಹೊಟ್ಟೆಯ ಕೂಸಿಗೆ ಕೇಡು ಮಾಡಬಲ್ಲದು. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ, ಹಾಗಾಗಿ ಬೆಂದ ಮೀನು ಉಣ್ಣಲು ಸೊಸೆ ಅಂಜಬೇಕಿಲ್ಲ. ಆದರೂ ಹೆರಿಗೆಯ ತನಕ ಆಕೆಗೆ ಲೆಕ್ಕ ಬರೆಯುವ ಕೆಲಸ ಕೊಡಿ. ಜ್ವರ ಬಂದರೆ ಡಾಕ್ಟರಿಗೆ ಮೀನಿನ ಕೆಲಸದ ವಿಷಯ ಮುಚ್ಚಿಡದೆ ಹೇಳಲಿ.

ಈ ಹೊಲಸಿನ ಕಾಟ ಸಣ್ಣ ಶೆಡ್ಡಿನವರಿಗಷ್ಟೇ ಎಂದುಕೊಳ್ಳಬೇಡಿ. 1997ರಲ್ಲಿ ಐರೋಪ್ಯ ಒಕ್ಕೂಟ ನಮ್ಮ ದೇಶದ ಮೀನು, ಸಿಗಡಿಯ ಆಮದನ್ನೇ ಕೆಲಕಾಲ ನಿಲ್ಲಿಸಿತ್ತು. ಕಾರ್ಖಾನೆಗಳ ನೈರ್ಮಲ್ಯ ಸರಿಯಿಲ್ಲ ಎಂಬುದೇ ದೂರು. ದೊಡ್ಡ ದೊಡ್ಡ ರಫ್ತುದಾರರು ನೀರು, ಐಸ್, ನೆಲ ಸರಿಮಾಡಿಕೊಳ್ಳಲು ಹಣ ಸುರಿಯಬೇಕಾಯಿತು.

ನಿಮಗೆ ಅಷ್ಟು ಖರ್ಚಿಲ್ಲ. ಕರುಳು ತೆಗೆಯಲು ಒಂದು, ತುಂಡು ಮಾಡಲು ಒಂದು, ಹೀಗೆ ಎರಡು ದಪ್ಪ ಪ್ಲಾಸ್ಟಿಕ್ ಹಲಗೆ ತನ್ನಿ. ನೀರಿನ ಪರೀಕ್ಷೆ, ನೋಂದಣಿಗೆ ಯಾದಗಿರಿಯ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕಾಣಿ. ಅಲ್ಲಿಯವರೆಗೆ ಹೊಸ ಖಾನಾವಳಿ ಹಿಡಿಯಬೇಡಿ.